ಉಲ್ಕೆಗಳ ಪಂಚಾಂಗ

ಬೆಳ್ಳಂದೂರಿನ ಬಂಧುಗಳೇ, ಈ ಖಗೋಳ ವಸ್ತುಪ್ರದರ್ಶನದ ಒಳಗಿರುವ ದೂರದರ್ಶಕ, ರಾಕೆಟ್ ಮಾದರಿಗಳ ಬಗ್ಗೆ ವಿದ್ಯಾರ್ಥಿಗಳೇ ಚೆನ್ನಾಗಿ ಹೇಳುತ್ತಾರೆ. ನಾನು ಉಲ್ಕೆಗಳ ವಿಷಯಕ್ಕೆ ಬರುತ್ತೇನೆ.

1998ರ ನವೆಂಬರ್ 17ರ ರಾತ್ರಿ, ಒಂದು ಗಂಟೆ ಕಳೆದ ಮೇಲೆ ಸಿಂಹ ರಾಶಿಯ ಉಲ್ಕೆಗಳು ಸುರಿಯುತ್ತವೆ ಎಂದು ಲೆಕ್ಕ ಹೇಳಿತ್ತು. ಗೆಳೆಯರೆಲ್ಲ ಹೊಸಕೋಟೆಯಾಚೆ ಒಂದು ಕೆರೆ ಏರಿಯ ಮೇಲೆ ಕಂಬಳಿ ಹೊದ್ದು ಕೂತೆವು. ಅಲ್ಲೊಂದು ಇಲ್ಲೊಂದು ಬಿದ್ದವು, ಅಷ್ಟೇ. ಬೆಳಗಿನ ಜಾವ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬಂದ ರೈತರೊಬ್ಬರು ಕಾಲೂರಿ ನಿಂತು, "ನೆನ್ನೆ ಬರ್ಬೇಕಿತ್ತು ಸಾ, ಬೆಂಕಿ ಉಂಡೆಗಳು ಉದುರ್ತಾ ಇದ್ವು" ಅಂದರು. ನಿಜವೇ. 1333ರಲ್ಲಿ ಟೆಂಪಲ್-ಟಟಲ್ ಧೂಮಕೇತು ಬಿಟ್ಟುಹೋಗಿದ್ದ ದಪ್ಪ ಕಣಗಳು, ಗುರುಗ್ರಹದ ಸೆಳೆತದಿಂದಾಗಿ ಚದುರದೆ ಉಳಿದು, ಅರ್ಧ ದಿನಕ್ಕೂ ಮೊದಲೇ ಭೂಮಿಗೆ ಎದುರಾಗಿದ್ದವು. ಮರುವರ್ಷ ಖಗೋಳ ವಿಜ್ಞಾನಿಗಳಾದ ಮೆಕ್‌ನಾಟ್ ಮತ್ತು ಆಶರ್ ಧೂಮಕೇತುವಿನ ಒಂದೊಂದು ಸುತ್ತಿನ ಧೂಳಿಗೂ ಬೇರೆ ಬೇರೆ ಲೆಕ್ಕ ಹಾಕಿದರು. ಅವರು ಹೇಳಿದ ಹೊತ್ತಿಗೂ ಉಲ್ಕೆಗಳು ಬಂದ ಹೊತ್ತಿಗೂ ಕೆಲವೇ ನಿಮಿಷಗಳ ಅಂತರ!

ಡಿಸೆಂಬರಿನ ಮಿಥುನ ರಾಶಿಯ ಉಲ್ಕೆಗಳು ಇಷ್ಟು ಕಾಡಿಸುವುದಿಲ್ಲ. ಫೇಥಾನ್ ಕ್ಷುದ್ರಗ್ರಹದ ಧೂಳನ್ನು ಭೂಮಿ ಪ್ರತಿವರ್ಷ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ದಾಟುತ್ತದೆ. ಮನೆಯ ಪಂಚಾಂಗ ತೆಗೆದು ಧನುಸ್ಸಂಕ್ರಮಣದ ಗಳಿಗೆ ನೋಡಿ. ಅದಕ್ಕೆ ಸುಮಾರು ಒಂದೂವರೆ ದಿನ ಮೊದಲು ಅವುಗಳ ಉತ್ತುಂಗ. ಸಂಕ್ರಮಣದಂತೆ ಇದೂ ವರ್ಷಕ್ಕೆ ಆರು ಗಂಟೆ ಮುಂದೆ ಸರಿಯುತ್ತದೆ, ಅಧಿಕ ವರ್ಷದಲ್ಲಿ ಒಂದು ದಿನ ಹಿಂದಕ್ಕೆ ಬರುತ್ತದೆ. 2023ರಲ್ಲಿ ನಡುರಾತ್ರಿ ಇತ್ತು, 2025ರಲ್ಲಿ ಮಧ್ಯಾಹ್ನ. 2026ರಲ್ಲಿ ಡಿಸೆಂಬರ್ 14ರ ಸಂಜೆ.

ಲೆಕ್ಕವೇನೋ ಕೈಗೆ ಸಿಕ್ಕಿದೆ, ಕತ್ತಲೆ ಕೈಬಿಟ್ಟಿದೆ. ನನ್ನ ಸಂಕಟ ಇದೇ. ಗಂಟೆಗೆ 150 ಉಲ್ಕೆ ಎನ್ನುವುದು ಕಗ್ಗತ್ತಲಲ್ಲಿ, ಮಿಥುನ ರಾಶಿ ನೆತ್ತಿಯ ಮೇಲಿದ್ದಾಗಿನ ಮಾತು. ಹೊರವರ್ತುಲ ರಸ್ತೆಯ ಬೆಳಕಿನಲ್ಲಿ ಹತ್ತಿಪ್ಪತ್ತು ಕಂಡರೆ ಪುಣ್ಯ. ಲಡಾಖಿನ ಹಾನ್ಲೆಯ ವೀಕ್ಷಣಾಲಯದ ಸುತ್ತ 2022ರಲ್ಲಿ ಕತ್ತಲೆಯನ್ನೇ ಸಂರಕ್ಷಿಸಲು ಮುಂದಾದರು. ಅಲ್ಲಿನ ದೂರದರ್ಶಕ ನಡೆಸುವುದು ಇಲ್ಲೇ ಪಕ್ಕದ ಹೊಸಕೋಟೆಯಿಂದ. ಇಲ್ಲಿನ ಕತ್ತಲೆಯನ್ನು ನಾವೇ ಕಾಯಬೇಕು. ನೊರೆ ಉಕ್ಕಿ, ಬೆಂಕಿ ಹೊತ್ತಿದ ಬೆಳ್ಳಂದೂರು ಕೆರೆಗಾಗಿ ದನಿ ಎತ್ತಿದವರು ನೀವು. ಆ ಕೆರೆಯ ಮೇಲಿನಷ್ಟು ವಿಶಾಲ ಆಕಾಶ ಈ ಸುತ್ತಿನಲ್ಲಿ ಬೇರೆಲ್ಲಿದೆ? ಅದಕ್ಕಾಗಿಯೂ ದನಿ ಎತ್ತಿ. 14ರ ರಾತ್ರಿ ಹನ್ನೊಂದಕ್ಕೆ ಚಂದ್ರ ಮುಳುಗಿರುತ್ತಾನೆ. ಆಗಿನಿಂದ ಎರಡು ಗಂಟೆ ಟೆರೇಸಿನ, ತೋಟದ, ಅಲಂಕಾರದ ದೀಪಗಳನ್ನು ಆರಿಸುವಂತೆ ನಿಮ್ಮ ಅಪಾರ್ಟ್‌ಮೆಂಟ್ ಸಂಘಗಳಲ್ಲಿ ನಿರ್ಣಯ ಮಾಡಿಸಿ. ಕರಡನ್ನು ಇವತ್ತೇ ಇಲ್ಲಿ ಕೂತು ನಾನು ಬರೆದುಕೊಡುತ್ತೇನೆ.