ಜಿಂಕೆ ತಡೆಯುವ ಬೇಲಿ ಜೀವ ತೆಗೆಯಬಾರದು



ಆದವಾನಿ, ಆಲೂರು, ಆಸ್ಪರಿ ಕಡೆಯ ರೈತರಿಗೆ ಜಿಂಕೆ ಕಾಟ ಹೊಸದಲ್ಲ. ಶೇಂಗಾ, ಹತ್ತಿ, ಕಡ್ಲೆ ಮೊಳಕೆ ಒಡೆದರೆ ಸಾಕು, ಹಿಂಡು ಬರ್ತದೆ. ಎಳೆ ಚಿಗುರು ಮೇಯ್ತದೆ, ಉಳಿದದ್ದನ್ನು ತುಳಿತದೆ. ಸಾಲ ಮಾಡಿ ಬಿತ್ತಿದವರು ಮತ್ತೆ ಬೀಜ ತರಬೇಕು. ಹೊಟ್ಟೆ ಉರಿಯದೆ ಇರ್ತದಾ?

ಆದರೆ ಒಂದು ಮಾತು ತಿಳಿಯಿರಿ. ಈ ಜಿಂಕೆಯ ಹೆಸರು ಕೃಷ್ಣಮೃಗ. ಇದು ಆಂಧ್ರಪ್ರದೇಶದ ರಾಜ್ಯ ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದನ್ನು ಕಾಯುತ್ತದೆ. ಬೇಟೆಯಾಡಿದರೆ ಕನಿಷ್ಠ 3 ವರ್ಷ ಜೈಲು. ಆದ್ದರಿಂದ ಜಿಂಕೆಯನ್ನು ಕೊಲ್ಲಬೇಡಿ, ತಡೆಯಿರಿ.

ತಡೆಯೋದು ಹೇಗೆ? ಹಲವರು ಹೊಲದ ಸುತ್ತ ಹಳೇ ಸೀರೆ ಕಟ್ತಾರೆ. ಖರ್ಚು ಕಡಿಮೆ. ಗಾಳಿಗೆ ಸೀರೆ ಆಡಿದರೆ ಜಿಂಕೆ ಬೆದರ್ತದೆ. ಆದರೆ ದಿನ ಕಳೆದಂತೆ ಅದಕ್ಕೆ ರೂಢಿಯಾಗ್ತದೆ. ಅದಕ್ಕೇ ಮೊಳಕೆ ಬರುವ ಹೊತ್ತಿಗೆ ಕಟ್ಟಿರಿ. ಆಗಾಗ ಜಾಗ ಬದಲಿಸಿರಿ. ಜಾಲಿ ಮುಳ್ಳಿನ ಬೇಲಿಯೂ ಒಳ್ಳೇದು. ಗಿಡ್ಡ ಬೇಲಿಯನ್ನು ಜಿಂಕೆ ಹಾರ್ತದೆ, ಎತ್ತರ ಇರಲಿ.

ಬೇಲಿ ತಂತಿಗೆ ಮನೆಯ ಕರೆಂಟು, ಮೋಟಾರಿನ ಕರೆಂಟು ಕೊಡಲೇಬೇಡಿ. ಅದು ಅಪರಾಧ. ರಾತ್ರಿ ನೀರು ಕಟ್ಟಲು ಹೋದ ಮಗ, ಹುಲ್ಲು ಕೊಯ್ಯಲು ಹೋದ ತಾಯಿ, ಕುರಿಯ ಹಿಂದೆ ಓಡಿದ ಹುಡುಗ, ಯಾರು ಮುಟ್ಟಿದರೂ ಪ್ರಾಣ ಹೋಗ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತಾರೆ. ಈ ಬೇಲಿ ಹೊಲದ ಒಡೆಯನನ್ನೇ ತಿನ್ನುತ್ತದೆ.

ಸೋಲಾರ್ ಬೇಲಿ ಬೇರೆ. ಬಿಸಿಲಿನಿಂದ ಬ್ಯಾಟರಿ ತುಂಬ್ತದೆ. ಒಂದು ಯಂತ್ರ ಸುಮಾರು ಸೆಕೆಂಡಿಗೊಮ್ಮೆ, ಕ್ಷಣ ಮಾತ್ರ, ತಂತಿಗೆ ಕರೆಂಟು ಬಿಡ್ತದೆ. ಮುಟ್ಟಿದ ಪ್ರಾಣಿಗೆ ಹೊಡೆತ ಬೀಳ್ತದೆ, ಬೆದರಿ ಓಡ್ತದೆ. ಆ ಯಂತ್ರ ಒಳ್ಳೇದಿರಬೇಕು. ತಿಳಿದವರಿಂದಲೇ ಹಾಕಿಸಿರಿ. ತಂತಿಗೆ ಹುಲ್ಲು ತಾಗದಂತೆ ಕೊಯ್ಯಿರಿ, ತಾಗಿದರೆ ಹೊಡೆತ ಕಡಿಮೆಯಾಗ್ತದೆ. ಎಚ್ಚರಿಕೆಯ ಬೋರ್ಡು ಕಟ್ಟಿರಿ.

ಖರ್ಚು ಹೆಚ್ಚಾಯ್ತಾ? ಲೆಕ್ಕ ಹಾಕಿ ನೋಡಿ. ಚೌಕಾಕಾರದ 1 ಎಕರೆಗೆ ಒಂದೊಂದು ಬದಿ ಸುಮಾರು 210 ಅಡಿ. 4 ಬದಿಗೆ 840 ಅಡಿ ಬೇಲಿ. 4 ಜನ ಬೇರೆ ಬೇರೆ ಹಾಕಿದರೆ 3,360 ಅಡಿ. ಅದೇ 4 ಎಕರೆ ಒಂದೇ ಚೌಕವಾಗಿದ್ದು, ನಾಲ್ವರೂ ಕೂಡಿ ಸುತ್ತ ಒಂದೇ ಬೇಲಿ ಹಾಕಿದರೆ 1,680 ಅಡಿ ಸಾಕು. ಅರ್ಧ ಖರ್ಚು ಉಳೀತದೆ.

ಪಕ್ಕದ ಹೊಲದವರ ಜೊತೆ ಇವತ್ತೇ ಮಾತಾಡಿರಿ. ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿರಿ. ಸರ್ವೆ ನಂಬರು, ಬೆಳೆ, ತಾರೀಖು ನೀವೇ ಬರೆಯಿರಿ. ಕೆಳಗೆ ಹೆಬ್ಬೆಟ್ಟು ಬೇಡ, ನಿಮ್ಮ ಸಹಿ ಹಾಕಿರಿ.