ನಿಸ್ತಂತು ಜಾಲ ಮತ್ತು ಗಣಕಯಂತ್ರದ ಸುರಕ್ಷತೆ



ಮನೆಯ ವೈ-ಫೈಗೆ ದೀರ್ಘವಾದ ಗುಪ್ತಪದವನ್ನು ಇಟ್ಟವರು ತಮ್ಮ ಗಣಕಯಂತ್ರಕ್ಕೆ ಭಯವಿಲ್ಲವೆಂದು ನಂಬುವುದು ಸಹಜ. ಗುಪ್ತಪದ ಅವಶ್ಯಕವೇ ಹೌದು. ಆದರೆ ಅದು ಕಾಯುವುದು ಜಾಲದ ಬಾಗಿಲನ್ನು ಮಾತ್ರ. ಗುಪ್ತಪದವನ್ನು ಕೇಳುವುದಕ್ಕೂ ಮೊದಲೇ ಕೆಲಸ ಆರಂಭಿಸುವ ಭಾಗವೊಂದು ಗಣಕಯಂತ್ರದೊಳಗಿದೆ. ನಿಸ್ತಂತು ಕಾರ್ಡನ್ನು ನಡೆಸುವ ಈ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು.

ರೂಟರ್ ಎಂಬ ಉಪಕರಣವು ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 10 ಬಾರಿ ತನ್ನ ಜಾಲದ ಹೆಸರನ್ನು ರೇಡಿಯೋ ಅಲೆಗಳ ಮೂಲಕ ಸಾರುತ್ತಿರುತ್ತದೆ. ನೆರೆಮನೆಗಳ ಜಾಲದ ಹೆಸರುಗಳು ಪರದೆಯ ಮೇಲೆ ಸಾಲಾಗಿ ಮೂಡುವುದು ಹೀಗೆಯೇ. ಆ ಪಟ್ಟಿ ಸಿದ್ಧವಾಗಬೇಕಾದರೆ ಡ್ರೈವರ್ ಅಪರಿಚಿತರು ಕಳುಹಿಸಿದ್ದನ್ನೂ ಓದಲೇಬೇಕು. ಅಪಾಯ ಹುಟ್ಟುವುದು ಈ ಓದಿನಲ್ಲಿ.

ಜಾಲದ ಹೆಸರು 32 ಬೈಟುಗಳನ್ನು ಮೀರಬಾರದೆಂಬುದು ನಿಯಮ. ಆದರೆ ಹೆಸರಿನ ಉದ್ದ ಎಷ್ಟೆಂದು ತಿಳಿಸುವ ಸ್ಥಳದಲ್ಲಿ 255ರವರೆಗಿನ ಯಾವ ಅಂಕಿಯನ್ನಾದರೂ ಬರೆಯಲು ಅವಕಾಶವಿದೆ. ಬ್ರಾಡ್‌ಕಾಮ್ ಕಾರ್ಡುಗಳ ಒಂದು ವಿಂಡೋಸ್ ಡ್ರೈವರ್, ಈ ಅಂಕಿಯನ್ನು ಪರೀಕ್ಷಿಸದೆ ನಂಬುತ್ತಿತ್ತೆಂಬ ಸಂಗತಿ 2006ರ ನವೆಂಬರಿನಲ್ಲಿ ಬಹಿರಂಗವಾಯಿತು. ಅದನ್ನು ಕಂಡುಹಿಡಿದವರು ಜಾನ್ ಎಲ್ಚ್ ಎಂಬ ಸಂಶೋಧಕರು. ಒಂದು ಸೇರು ಹಿಡಿಯುವ ಪಾತ್ರೆಗೆ ಮೂರು ಸೇರು ಅಕ್ಕಿ ಸುರಿದರೆ ಉಳಿದದ್ದು ನೆಲಕ್ಕೆ ಚೆಲ್ಲುತ್ತದೆ. ಗಣಕಯಂತ್ರದ ಸ್ಮೃತಿಯಲ್ಲಿ ಚೆಲ್ಲಿದ್ದು ನೆಲಕ್ಕೆ ಬೀಳುವುದಿಲ್ಲ. ಪಕ್ಕದಲ್ಲಿರುವ ಮಾಹಿತಿಯ ಮೇಲೆ ಬಿದ್ದು ಅದನ್ನು ಅಳಿಸಿಹಾಕುತ್ತದೆ. ಯಂತ್ರವು ಮುಂದೆ ಯಾವ ಆದೇಶವನ್ನು ಪಾಲಿಸಬೇಕೆಂಬ ಸೂಚನೆಯೂ ಅಲ್ಲಿಯೇ ಇರುವುದರಿಂದ, ಅಳತೆ ಮೀರಿದ ಹೆಸರನ್ನು ಜಾಣತನದಿಂದ ಹೆಣೆದವನು ತನ್ನ ಆದೇಶವನ್ನೇ ಅಲ್ಲಿ ಕೂರಿಸಬಹುದಾಗಿತ್ತು. ಗಣಕಯಂತ್ರದ ಒಡೆಯರು ಏನನ್ನೂ ಒತ್ತಬೇಕಾಗಿರಲಿಲ್ಲ, ಯಾವ ಜಾಲವನ್ನೂ ಸೇರಬೇಕಾಗಿರಲಿಲ್ಲ. ಕಾರ್ಡು ಚಾಲನೆಯಲ್ಲಿದ್ದರೆ ಸಾಕಾಗಿತ್ತು.

ಇದರ ಗಾಂಭೀರ್ಯಕ್ಕೆ ಇನ್ನೊಂದು ಕಾರಣವಿದೆ. ಪತ್ರ ಬರೆಯುವ, ಚಿತ್ರ ತೋರಿಸುವ ತಂತ್ರಾಂಶಗಳು ಕಾರ್ಯಾಚರಣ ವ್ಯವಸ್ಥೆಯ ಕಟ್ಟುಪಾಡಿನೊಳಗೆ ಬಾಡಿಗೆದಾರರಂತೆ ಇರುತ್ತವೆ. ಈ ಡ್ರೈವರ್ ಹಾಗಲ್ಲ. ಅದು ವ್ಯವಸ್ಥೆಯ ಒಳತಿರುಳಿನಲ್ಲಿ, ಎಲ್ಲ ಕೋಣೆಗಳ ಬೀಗದ ಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಲಸ ಮಾಡುತ್ತದೆ. ಅದು ಪರರ ವಶವಾದರೆ ಬ್ಯಾಂಕಿನ ಕಾಗದಪತ್ರಗಳಾಗಲಿ, ಮಕ್ಕಳ ಭಾವಚಿತ್ರಗಳಾಗಲಿ ಮುಚ್ಚಿಡಲು ಬರುವುದಿಲ್ಲ.

ಆ ದೋಷಕ್ಕೆ ಪರಿಹಾರ ದೊರೆತರೂ ಅದು ಒಂದೇ ಬಾಗಿಲಿನಿಂದ ಬರಲಿಲ್ಲ. ಅದೇ ಕಾರ್ಡನ್ನು ಹಲವು ಕಂಪನಿಗಳು ತಮ್ಮ ಗಣಕಯಂತ್ರಗಳಲ್ಲಿ ಅಳವಡಿಸಿದ್ದುದರಿಂದ, ತಿದ್ದಿದ ಡ್ರೈವರ್ ಆಯಾ ತಯಾರಕರ ಮೂಲಕ ತಲುಪಬೇಕಾಯಿತು. ತಮ್ಮ ಯಂತ್ರದೊಳಗೆ ಯಾರ ಕಾರ್ಡಿದೆಯೆಂದು ತಿಳಿದ ಗ್ರಾಹಕರೆಷ್ಟು ಮಂದಿ?

ಇದು ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. 2024ರ ಜೂನ್ 11ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸಿನ ವೈ-ಫೈ ಡ್ರೈವರಿನಲ್ಲಿದ್ದ ದೋಷವೊಂದನ್ನು ತಿದ್ದಿತು. ಸಮೀಪದಲ್ಲಿರುವ ವ್ಯಕ್ತಿ, ಬಳಕೆದಾರರ ನೆರವಿಲ್ಲದೆಯೇ, ವಿಶೇಷವಾಗಿ ರಚಿಸಿದ ಸಂದೇಶವನ್ನು ಕಳುಹಿಸಿ ಯಂತ್ರದಲ್ಲಿ ತನ್ನ ಆದೇಶಗಳನ್ನು ನಡೆಸಬಹುದೆಂದು ಸಂಸ್ಥೆಯೇ ತಿಳಿಸಿತು. ತೀವ್ರತೆಗೆ 10ರಲ್ಲಿ 8.8 ಅಂಕ. ವಿಂಡೋಸ್ 10 ಮತ್ತು 11 ಎರಡಕ್ಕೂ ಇದು ಅನ್ವಯಿಸುತ್ತಿತ್ತು.

ಸಮಾಧಾನದ ಸಂಗತಿಯೊಂದಿದೆ: ಇಂಥ ಆಕ್ರಮಣಕ್ಕೆ ರೇಡಿಯೋ ಅಲೆ ಮುಟ್ಟುವಷ್ಟು ಹತ್ತಿರ ಬರಬೇಕು. ಎಲ್ಲೋ ಪರದೇಶದಲ್ಲಿ ಕುಳಿತವನಿಗೆ ಇದು ನೇರವಾಗಿ ಸಾಧ್ಯವಿಲ್ಲ. ಆದರೆ ಮುಂಬಯಿಯ ವಸತಿ ಸಮುಚ್ಚಯದಲ್ಲಿ ಗೋಡೆಯಾಚೆ ಇರುವವರು ಯಾರು, ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಪಕ್ಕದ ಆಸನದಲ್ಲಿ ಕುಳಿತವರು ಯಾರು ಎಂಬುದನ್ನು ಯಾರೂ ವಿಚಾರಿಸುವುದಿಲ್ಲ.

ಆದುದರಿಂದ ಪರದೆಯ ಮೇಲೆ ಬರುವ ಪರಿಷ್ಕರಣದ ಸೂಚನೆಯನ್ನು 'ನಾಳೆ' ಎಂದು ಮುಂದೂಡುವುದು ತರವಲ್ಲ. ಪರಿಷ್ಕರಣ ಮುಗಿದ ಮೇಲೆ ಯಂತ್ರವನ್ನು ಒಮ್ಮೆ ನಿಲ್ಲಿಸಿ ಮತ್ತೆ ಆರಂಭಿಸಬೇಕು. ಹಲವರು ಬಿಟ್ಟುಬಿಡುವುದು ಈ ಕೊನೆಯ ಹೆಜ್ಜೆಯನ್ನೇ. ತಯಾರಕರ ಜಾಲತಾಣದಲ್ಲಿ ಹೊಸ ವೈ-ಫೈ ಡ್ರೈವರ್ ಇದೆಯೇ ಎಂದೂ ನೋಡಬೇಕು. ವಿಂಡೋಸ್ 7ರ ಸಾಮಾನ್ಯ ಬೆಂಬಲ 2020ರ ಜನವರಿ 14ರಂದು, ವಿಂಡೋಸ್ 10ರದ್ದು 2025ರ ಅಕ್ಟೋಬರ್ 14ರಂದು ಮುಗಿದಿದೆ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು ಇಂಥ ದೋಷಗಳ ಬಗ್ಗೆ ತನ್ನ ಜಾಲತಾಣದಲ್ಲಿ ಎಚ್ಚರಿಕೆಗಳನ್ನು ಪ್ರಕಟಿಸುತ್ತದೆ. ಪರಿಷ್ಕರಣ ದೊರೆಯದ ಹಳೆಯ ಯಂತ್ರವನ್ನು ಬಳಸಲೇಬೇಕಾದವರು ವೈ-ಫೈಯನ್ನು ಆರಿಸಿ, ತಂತಿಯ ಮೂಲಕ ಜಾಲಕ್ಕೆ ಸೇರಿಸಿಕೊಳ್ಳಬಹುದು.