ಕೂಡಿ ಬಾಳುವ ನೆಲೆಯನ್ನು ಕಟ್ಟುವಲ್ಲಿಯ ತೊಡಕುಗಳು

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಶ್ರೀಮಠದ ಶಿಷ್ಯವರ್ಗದ ಕೆಲವು ಮಂದಿ ತರುಣರು ಪಟ್ಟಣದ ಉದ್ಯೋಗಗಳನ್ನು ಬಿಟ್ಟು, ಹಳ್ಳಿಯೊಂದರ ಹೊರಗೆ ಭೂಮಿಯನ್ನು ಹಿಡಿದು, ಹತ್ತಾರು ಕುಟುಂಬಗಳು ಒಂದೇ ಮನೆಯವರಂತೆ ದುಡಿದು ಉಣ್ಣುವ ನೆಲೆಯೊಂದನ್ನು ಕಟ್ಟಬೇಕೆಂದು ಸನ್ನಿಧಿಯಲ್ಲಿ ಬಿನ್ನವಿಸಿಕೊಂಡಿರುವರು. ಭಕ್ತರಲ್ಲಿ ಕೆಲವರು ಭೂಮಿಯನ್ನೂ ದ್ರವ್ಯವನ್ನೂ ಕೊಡಲು ಮುಂದೆ ಬಂದಿರುವರು. ಸಂಕಲ್ಪವು ಶ್ಲಾಘ್ಯವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಂತಹ ನೆಲೆಗಳು ಯಾವುದರಿಂದ ನಿಲ್ಲುವುವು, ಯಾವುದರಿಂದ ಬೀಳುವುವು ಎಂಬುದನ್ನು ಅಡಿಗಲ್ಲಿಡುವುದಕ್ಕೆ ಮೊದಲೇ ವಿಚಾರಿಸುವುದು ವಿಹಿತವಾಗಿದೆ. ಈ ಕೆಲಸವನ್ನು ಮೂರು ಕಡೆಗಳಲ್ಲಿ ಮಾಡಿ, ಪಟ್ಟ ಪಾಡನ್ನು ಮರೆಮಾಚದೆ ಬರೆದಿಟ್ಟವರು ಮಹಾತ್ಮಾ ಗಾಂಧಿಯವರು. ಅವರ ಅನುಭವವನ್ನೇ ಈ ಹೊತ್ತು ನಮ್ಮ ಪಾಠವಾಗಿ ತೆಗೆದುಕೊಳ್ಳೋಣ.

ಮೊದಲನೆಯದು ದಕ್ಷಿಣ ಆಫ್ರಿಕೆಯ ಡರ್ಬನ್ ನಗರದ ಸಮೀಪದಲ್ಲಿರುವ ಫೀನಿಕ್ಸ್. ೧೯೦೪ರಲ್ಲಿ ಸಾವಿರ ಪೌಂಡುಗಳನ್ನು ಕೊಟ್ಟು ನೂರು ಎಕರೆ ಭೂಮಿಯನ್ನು ಅವರು ಕೊಂಡರು. ಒಂದು ಸಣ್ಣ ಒರತೆ, ಕೆಲವು ಹಣ್ಣಿನ ಮರಗಳು, ಒಂದು ಪಾಳುಮನೆ. ಸುತ್ತಲೂ ಎತ್ತರವಾದ ಹುಲ್ಲು, ಹಾವುಗಳ ಭಯ. ತಮ್ಮ ಪತ್ರಿಕೆಯ ಮುದ್ರಣಾಲಯವನ್ನು ಅವರು ಅಲ್ಲಿಗೆ ಸಾಗಿಸಿದರು. ಎಲ್ಲರೂ ತಿಂಗಳಿಗೆ ಮೂರು ಪೌಂಡುಗಳನ್ನು ಸಮನಾಗಿ ತೆಗೆದುಕೊಳ್ಳಬೇಕೆಂಬುದು ನಿಯಮ. ಮುದ್ರಣಾಲಯದವರೆಲ್ಲರೂ ಇದಕ್ಕೆ ಒಪ್ಪಲಿಲ್ಲ. ಆದುದರಿಂದ ನೆಲೆಯ ಒಡಲಿನವರಾಗಿ ಬಾಳುವವರೂ ಸಂಬಳಕ್ಕೆ ದುಡಿಯುವವರೂ ಒಂದೇ ಸೂರಿನ ಕೆಳಗೆ ಸೇರಿದರು. ಇದು ಮೊದಲನೆಯ ತೊಡಕು. ವ್ರತವನ್ನು ಕೈಕೊಂಡವರು ಯಾರು, ಕೂಲಿಗೆ ಬಂದವರು ಯಾರು ಎಂಬುದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿಕೊಳ್ಳದಿದ್ದರೆ ಮುಂದೆ ಮನಸ್ತಾಪವು ತಪ್ಪದು.

ಅಲ್ಲಿ ಪತ್ರಿಕೆಯನ್ನು ಅಚ್ಚುಮಾಡುವ ಮೊದಲನೆಯ ರಾತ್ರಿಯೇ ಎಣ್ಣೆಯ ಯಂತ್ರವು ನಿಂತುಹೋಯಿತು. ಹೀಗಾದೀತೆಂದು ಎಣಿಸಿ, ಕೈಯಿಂದ ತಿರುಗಿಸುವ ಚಕ್ರವೊಂದನ್ನು ಗಾಂಧಿಯವರು ಮೊದಲೇ ಸಿದ್ಧಪಡಿಸಿಟ್ಟಿದ್ದರು. ಹಗಲೆಲ್ಲ ದುಡಿದು ಮಲಗಿದ್ದ ಬಡಗಿಗಳನ್ನು ಎಬ್ಬಿಸಿ ಬೇಡಿಕೊಳ್ಳಲು ಅವರು ಸಂತೋಷದಿಂದ ಎದ್ದು ಬಂದರು. ಎಲ್ಲರೂ ಸರದಿಯ ಮೇಲೆ ಬೆಳಗಿನವರೆಗೆ ಚಕ್ರವನ್ನು ತಿರುಗಿಸಿದರು. ಕಟ್ಟುವವರು ಇದರಿಂದ ಕಲಿಯತಕ್ಕದ್ದು ಇಷ್ಟೆ: ಯಂತ್ರವನ್ನು ತರಬಹುದು, ಆದರೆ ಅದು ಕೆಟ್ಟ ದಿನ ಕೈಗಳು ಎಲ್ಲಿಂದ ಬರಬೇಕೆಂಬುದನ್ನು ತಿಳಿದಿರಬೇಕು.

ಭೂಮಿಯ ಒಡೆತನದ ಮಾತನ್ನೂ ಇಲ್ಲಿಯೇ ಹೇಳಿಬಿಡುವೆನು. ಗಾಂಧಿಯವರು ಫೀನಿಕ್ಸನ್ನು ತಮ್ಮ ಸೊತ್ತಾಗಿ ಇಟ್ಟುಕೊಳ್ಳದೆ ೧೯೧೨ರಲ್ಲಿ ಧರ್ಮದರ್ಶಿಗಳ ವಶಕ್ಕೆ ಬರೆದುಕೊಟ್ಟರು. ದಾನ ಕೊಟ್ಟವರ ಮಕ್ಕಳು ಮುಂದೆ ಹಕ್ಕು ಹೇಳದಂತೆ ಕಾಗದಪತ್ರಗಳನ್ನು ಮಾಡಿಸಿಕೊಳ್ಳುವುದು ಅವಿಶ್ವಾಸದ ಲಕ್ಷಣವಲ್ಲ. ದಾನಕ್ಕೆ ಅದು ರಕ್ಷೆ.

ಎರಡನೆಯದು ಟಾಲ್‌ಸ್ಟಾಯ್ ಫಾರ್ಮ್. ೧೯೧೦ರಲ್ಲಿ ಕಾಲೆನ್‌ಬಾಕ್ ಎಂಬ ಮಿತ್ರರು ಜೋಹಾನ್ಸ್‌ಬರ್ಗ್ ನಗರಕ್ಕೆ ೨೧ ಮೈಲಿ ದೂರದಲ್ಲಿ ಸುಮಾರು ೧,೧೦೦ ಎಕರೆ ಭೂಮಿಯನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಸುಮಾರು ಸಾವಿರ ಹಣ್ಣಿನ ಮರಗಳು, ಎರಡು ಬಾವಿಗಳು, ಒಂದು ಒರತೆ. ಹಿಂದುಗಳು, ಮುಸಲ್ಮಾನರು, ಪಾರ್ಸಿಗಳು, ಕ್ರೈಸ್ತರು ಒಂದೆಡೆ ಸೇರಿದರು. ಒಲೆ ಒಂದೇ ಇರಬೇಕು. ಆದರೆ ಮಾಂಸವನ್ನುಣ್ಣುವವರೂ ಅವರಲ್ಲಿದ್ದರು. ಗಾಂಧಿಯವರು ಆಜ್ಞೆ ಮಾಡಲಿಲ್ಲ; ಅವರನ್ನೇ ಕೇಳಿದರು, ಬೇಕೆಂದರೆ ಕೊಡಲೇಬೇಕೆಂದು ನಿಶ್ಚಯಿಸಿಕೊಂಡೇ ಕೇಳಿದರು. ಅವರು ತಾವಾಗಿಯೇ ಸಸ್ಯಾಹಾರಕ್ಕೆ ಒಪ್ಪಿದರು. ಕೇಳಿ ಪಡೆದ ಒಪ್ಪಿಗೆಯು ಉಳಿಯುವುದು, ಹೇರಿದ ನಿಯಮವು ಮೊದಲ ಜಗಳದಲ್ಲಿಯೇ ಮುರಿಯುವುದು.

ಅಲ್ಲಿಯ ನಿರ್ಮಲವ್ಯವಸ್ಥೆಯನ್ನು ಕೇಳಿರಿ. ಕಸವನ್ನು ಗುಂಡಿಗಳಲ್ಲಿ ಹೂಳುತ್ತಿದ್ದರು. ಬಳಸಿದ ನೀರನ್ನು ದಾರಿಯಲ್ಲಿ ಚೆಲ್ಲದೆ ಬಕೆಟ್ಟುಗಳಲ್ಲಿ ತುಂಬಿಟ್ಟು ಮರಗಳಿಗೆ ಹಾಕುತ್ತಿದ್ದರು. ಮಲವನ್ನು ಒಂದೂವರೆ ಅಡಿ ಆಳದ ಕುಣಿಯಲ್ಲಿ ಹಾಕಿ, ಅಗೆದ ಮಣ್ಣಿನಿಂದಲೇ ವಾಸನೆ ಬಾರದಂತೆ ಮುಚ್ಚುತ್ತಿದ್ದರು. ಇನ್ನು ಲೆಕ್ಕದ ಮಾತು. ನೆಲೆಯ ಕೆಲಸಕ್ಕಾಗಿ ನಗರಕ್ಕೆ ಹೋಗುವವರಿಗೆ ಮೂರನೆಯ ದರ್ಜೆಯ ರೈಲು. ಸ್ವಂತ ಕೆಲಸಕ್ಕಾಗಿಯೋ ವಿನೋದಕ್ಕಾಗಿಯೋ ಹೋಗುವವರು ೨೧ ಮೈಲಿ ನಡೆಯಬೇಕು, ಬುತ್ತಿಯನ್ನು ಮನೆಯಿಂದಲೇ ಒಯ್ಯಬೇಕು. ಈ ಒಂದು ನಿಯಮದಿಂದ ನೂರಾರು ರೂಪಾಯಿಗಳು ಉಳಿದುವು. ಧರ್ಮೋಪದೇಶಕ್ಕಿಂತ ಇಂತಹ ಸಣ್ಣ ಕಟ್ಟಳೆಗಳೇ ಕೂಡುಬಾಳನ್ನು ಹೆಚ್ಚಾಗಿ ಕಾಯುವುವು.

ಮೂರನೆಯದು ನಮ್ಮ ದೇಶದಲ್ಲಿಯೇ ನಡೆದುದು. ಅಹಮದಾಬಾದಿನ ಹತ್ತಿರದ ಕೋಚರಬ್ ಎಂಬ ಹಳ್ಳಿಯಲ್ಲಿ ೧೯೧೫ನೆಯ ಮೇ ೨೫ರಂದು ಬಾಡಿಗೆಯ ಬಂಗಲೆಯೊಂದರಲ್ಲಿ ಆಶ್ರಮವು ಪ್ರಾರಂಭವಾಯಿತು. ಕೆಲವೇ ತಿಂಗಳುಗಳಲ್ಲಿ, ಅಸ್ಪೃಶ್ಯರೆಂದು ಜನರು ದೂರವಿಟ್ಟಿದ್ದ ದೂದಾಭಾಯಿಯವರ ಕುಟುಂಬವು ಅಲ್ಲಿ ವಾಸಕ್ಕೆ ಬಂದಿತು. ಆಗ ತೊಡಕು ಹುಟ್ಟಿದುದು ಬಾವಿಯ ಬಳಿಯಲ್ಲಿ. ಕಪಿಲೆಯವನು ಇವರ ಕೊಡದ ಹನಿಗಳು ತನ್ನ ಮೇಲೆ ಬಿದ್ದರೆ ಮೈಲಿಗೆಯೆಂದು ಬಯ್ಯತೊಡಗಿದನು. ಬೈಗುಳನ್ನು ಸಹಿಸಿಕೊಂಡು ನೀರು ಸೇದುತ್ತಲೇ ಇರಿ ಎಂದು ಗಾಂಧಿಯವರು ಹೇಳಿದರು. ಕಡೆಗೆ ಅವನೇ ನಾಚಿ ಸುಮ್ಮನಾದನು. ಆಶ್ರಮದ ಒಳಗೂ ಅಸಮಾಧಾನವಿತ್ತು. ತಮ್ಮ ಪತ್ನಿಗೇ ಇದು ರುಚಿಸಲಿಲ್ಲವೆಂದು ಅವರು ಮುಚ್ಚಿಡದೆ ಬರೆದಿರುವರು. ಹೊರಗೆ ದಾನಿಗಳು ಕೈಬಿಟ್ಟರು. ಮುಂದಿನ ತಿಂಗಳಿಗೆ ಹಣವಿಲ್ಲವೆಂದು ಮಗನಲಾಲರು ತಿಳಿಸಿದಾಗ, ಹಾಗಾದರೆ ಆ ಜನರ ಕೇರಿಗೇ ಹೋಗಿ ಕೂಲಿಮಾಡಿ ಬಾಳೋಣವೆಂದರು. ಆಮೇಲೆ ಒಂದು ದಿನ ಶೇಠರೊಬ್ಬರು ೧೩,೦೦೦ ರೂಪಾಯಿಗಳನ್ನು ಕೈಯಲ್ಲಿಟ್ಟು ಹೋದರೆಂಬುದನ್ನು ಎಲ್ಲರೂ ಬಲ್ಲರು. ಆದರೆ ಹಣವು ಬಂದುದು ನಿಶ್ಚಯವಾದ ಮೇಲೆ. ಹಣ ಬಂದುದರಿಂದ ನಿಶ್ಚಯವು ಹುಟ್ಟಲಿಲ್ಲ.

೧೯೧೭ರಲ್ಲಿ ಪ್ಲೇಗಿನ ದೆಸೆಯಿಂದ ಅವರು ಸಾಬರಮತಿಯ ದಡಕ್ಕೆ ಹೋದಾಗ ಅಲ್ಲಿ ಮನೆಯಿಲ್ಲ, ಮರವಿಲ್ಲ. ನಲ್ವತ್ತಕ್ಕೂ ಮೇಲ್ಪಟ್ಟ ಜನರಿಗೆ ಡೇರೆಗಳೇ ಮನೆ, ತಗಡಿನ ಚಪ್ಪರವೇ ಅಡಿಗೆಮನೆ. ದಿನಸಿಯನ್ನು ನಾಲ್ಕು ಮೈಲಿ ದೂರದ ಪಟ್ಟಣದಿಂದ ತರಬೇಕು. ಆದರೂ ಆಶ್ರಮವು ನಿಂತಿತು. ೧೯೩೩ರಲ್ಲಿ ಅದನ್ನು ಕಟ್ಟಿದವರೇ ವಿಸರ್ಜಿಸಿದರು. ಸ್ಥಳವು ಹರಿಜನಸೇವೆಗೆ ಮೀಸಲಾಯಿತು. ಆಸ್ತಿಗಾಗಿ ನೆಲೆಯಲ್ಲ, ಧ್ಯೇಯಕ್ಕಾಗಿ ನೆಲೆ ಎಂಬುದನ್ನು ಅವರು ಮರೆಯಲಿಲ್ಲ.

ಬಂಧುಗಳೇ, ನನ್ನದೊಂದು ತಪ್ಪನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳುವೆನು. ಬಾಲ್ಯದಲ್ಲಿ ನಾನಿದ್ದ ಪಾಠಶಾಲೆಯಲ್ಲಿ ನಾವು ಕಾಯಕದ ಮಹಿಮೆಯನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದೆವು. ಅಡಿಗೆಗೆ ನೀರು ಸೇದುತ್ತಿದ್ದ ಮುದುಕರೊಬ್ಬರು ಜ್ವರದಿಂದ ಮಲಗಿದ ದಿನ ಮಧ್ಯಾಹ್ನವಾದರೂ ಒಲೆ ಹೊತ್ತಲಿಲ್ಲ. ಮೂವತ್ತು ಮಂದಿ ಹುಡುಗರು ಊಟ ತಡವಾಯಿತೆಂದು ಗೊಣಗುತ್ತಿದ್ದೆವೇ ಹೊರತು, ಹಗ್ಗವನ್ನು ಹಿಡಿಯಬೇಕೆಂದು ಒಬ್ಬನಿಗೂ ತೋರಲಿಲ್ಲ. ಕೊನೆಗೆ ಆ ಮುದುಕರೇ ಕಂಬಳಿ ಹೊದ್ದು ಬಾವಿಗೆ ಬಂದರು. ಆ ದಿನದ ನಾಚಿಕೆಯು ನನ್ನನ್ನು ಈಗಲೂ ಬಿಟ್ಟಿಲ್ಲ.

ಆದುದರಿಂದ ತರುಣರಲ್ಲಿ ನನ್ನ ಬಿನ್ನಹವೇನೆಂದರೆ, ಕಟ್ಟಡಕ್ಕೆ ಕೈಹಾಕುವ ಮೊದಲು ಒಂದು ಮಳೆಗಾಲವನ್ನು ಚಪ್ಪರದಲ್ಲಿ ಕೂಡಿ ಕಳೆಯಿರಿ. ನೀರು, ಅಡಿಗೆ, ಕಸ, ಲೆಕ್ಕ ಇವು ನಾಲ್ಕೂ ಸರದಿಯಂತೆ ಪ್ರತಿಯೊಬ್ಬರ ಕೈಗೂ ಬರಲಿ. ದಾನಿಗಳಲ್ಲಿ ಬೇಡಿಕೊಳ್ಳುವುದೇನೆಂದರೆ, ಆ ಬಾವಿಯಲ್ಲಿ ಯಾರು ಸೇದುವರು, ಆ ಪಂಕ್ತಿಯಲ್ಲಿ ಯಾರು ಕುಳಿತುಕೊಳ್ಳುವರು ಎಂದು ಮುಂದೆಂದೂ ಕೇಳುವುದಿಲ್ಲವೆಂಬ ಮಾತನ್ನು ಇಂದೇ ಸನ್ನಿಧಿಯಲ್ಲಿ ಕೊಡಿರಿ. ಕೊಡಲಾರದವರು ದ್ರವ್ಯವನ್ನೂ ಕೊಡದಿರುವುದೇ ಲೇಸು. ಪ್ರತಿಫಲವನ್ನು ಬಯಸುವ ದಾನವು ದಾಸೋಹವಾಗಲಾರದು.